ಎತ್ತಿ ಗಾಡಿಗೆ ಹಾಕೋಕ್ಕಿಂತ ಮುಂಚೆ: ಘಾಟಿ ರೋಡಲ್ಲಿ ಆಕ್ಸಿಡೆಂಟ್ ಕಂಡ್ರೆ ಏನ್ ಮಾಡ್ಬೇಕು

ನಾನು ಮೂಡಿಗೆರೆ ಕಡೆಯೋನು. ಸ್ವಂತ ಪಿಕಪ್ ಇದೆ, ಕಾಫಿ, ಮೆಣಸು, ಬಾಳೆಕಾಯಿ ಅಂತ ಲೋಡ್ ಹಾಕ್ಕೊಂಡು ಚಾರ್ಮಾಡಿ, ಶಿರಾಡಿ ಎರಡೂ ಘಾಟಿ ಹತ್ತಿ ಇಳೀತಾನೇ ಇರ್ತೀನಿ. ಕೆಲವು ವರ್ಷದ ಹಿಂದೆ ಜುಲೈನಲ್ಲಿ ಒಂದು ಸಂಜೆ, ಕೊಟ್ಟಿಗೆಹಾರದಿಂದ ಸ್ವಲ್ಪ ಕೆಳಗೆ, ಮಂಜು ಎಷ್ಟಿತ್ತು ಅಂದ್ರೆ ಎದುರುಗಡೆ ಗಾಡಿ ಲೈಟ್ ಕೂಡ ಹತ್ರ ಬರೋವರ್ಗೂ ಕಾಣ್ತಿರ್ಲಿಲ್ಲ, ಒಂದು ಬೈಕ್ ಸ್ಕಿಡ್ ಆಗಿ ಹುಡುಗ ಚರಂಡಿ ಪಕ್ಕ ಬಿದ್ದಿದ್ದ. ನಾವು ನಾಲ್ಕು ಜನ ಇಳಿದ್ವಿ, ಒಬ್ರು ಕೈ ಹಿಡಿದ್ರು, ಒಬ್ರು ಕಾಲು ಹಿಡಿದ್ರು, ಎತ್ತಿ ಹಿಂದ್ಗಡೆ ಹಾಕ್ಕೊಂಡು ಹೊರಟೇಬಿಟ್ವಿ. ಎಷ್ಟು ಬೇಗ ತಂದ್ವಿ ನೋಡಿ ಅಂತ ನಮಗೆಲ್ಲಾ ಒಳಗೊಳಗೇ ಸಮಾಧಾನ. ಆಸ್ಪತ್ರೇಲಿ ಡಾಕ್ಟ್ರು ಒಂದೇ ಮಾತು ಕೇಳಿದ್ದು, "ಎತ್ತುವಾಗ ಈ ಕಾಲು ಯಾರು ಹಿಡ್ಕೊಂಡಿದ್ರು?" ಒಳಗೇ ಮುರಿದಿದ್ದ ಮೂಳೆ ನಾವು ಎತ್ತಿದ ರಭಸಕ್ಕೆ ಚರ್ಮ ಸೀಳ್ಕೊಂಡು ಆಚೆ ಬಂದಿತ್ತು. ಹುಡುಗ ಬದುಕಿದ, ಈಗ ಓಡಾಡ್ತಾನೆ, ಆದ್ರೆ ಒಂದು ಆಪರೇಷನಲ್ಲಿ ಮುಗೀಬೇಕಾಗಿದ್ದು ಮೂರಾಯ್ತು. ಆಮೇಲೆ ನಾನು ಪ್ರಥಮ ಚಿಕಿತ್ಸೆ ತರಬೇತಿ ತಗೊಂಡೆ, ಅಲ್ಲಿ ಕಲ್ತಿದ್ದನ್ನ ನಮ್ಮ ಘಾಟಿ, ನಮ್ಮ ಮಳೆ, ನೆಟ್‌ವರ್ಕ್ ಇಲ್ಲದ ನಮ್ಮ ತಿರುವುಗಳಿಗೆ ಹೊಂದೋ ಹಂಗೆ ಇಲ್ಲಿ ಬರೀತಿದೀನಿ.

ನಮ್ಮ ಮಲ್ನಾಡ್ ಜನಕ್ಕೆ ಸಹಾಯ ಮಾಡ್ಬೇಕು ಅಂತ ಯಾರೂ ಹೇಳ್ಕೊಡ್ಬೇಕಿಲ್ಲ, ಬಿದ್ದಿರೋರನ್ನ ಕಂಡ್ರೆ ತೋಟದಿಂದ ಓಡಿ ಬರ್ತಾರೆ. ನಮ್ಮ ತೊಂದ್ರೆ ಅಂದ್ರೆ ಆತುರ, ಕಂಡ ತಕ್ಷಣ ಎತ್ತಬೇಕು ಅನ್ನೋದು. ಎತ್ತೋಕ್ಕಿಂತ ಮುಂಚೆ ಮಾಡೋ ಕೆಲಸ ಇರತ್ತೆ, ಐದತ್ತು ನಿಮಿಷದ್ದು, ಜೀವ ಉಳಿಯೋದು ಹೆಚ್ಚಾಗಿ ಆ ಐದತ್ತು ನಿಮಿಷದಲ್ಲೇ.

ಮೊದಲು ನಿಮ್ಮ ಗಾಡಿ ಎಲ್ಲಿ ನಿಲ್ಲಿಸ್ತೀರಾ ಅನ್ನೋದು. ಘಾಟೀಲಿ ಆಕ್ಸಿಡೆಂಟ್ ಆಗೋದೇ ತಿರುವಲ್ಲಿ, ನೀವೂ ಅದೇ ತಿರುವಲ್ಲಿ ನಿಲ್ಲಿಸಿ ಇಳಿದ್ರೆ ಹಿಂದೆ ಬರೋ ಲಾರಿ ಎಲ್ಲರ ಮೇಲೂ ಬರತ್ತೆ. ತಿರುವು ದಾಟಿ, ಗುಡ್ಡದ ಕಡೆ ಒತ್ತಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೀರಿ, ಚಕ್ರಕ್ಕೆ ಕಲ್ಲು ಕೊಡಿ. ಪ್ರಪಾತದ ಕಡೆ ನಿಲ್ಲಿಸ್ಬೇಡಿ, ಮಳೆಗಾಲದಲ್ಲಿ ಅಂಚಿನ ಮಣ್ಣು ನೋಡೋಕೆ ಗಟ್ಟಿ ಇರತ್ತೆ, ಒಳಗೆ ನೀರು ಕುಡಿದು ಪೊಳ್ಳಾಗಿರತ್ತೆ. ಆಮೇಲೆ ಇಬ್ಬರನ್ನ ಎರಡೂ ಕಡೆಗೆ ಓಡಿಸಿ. ಟ್ರಯಾಂಗಲ್ ಇದ್ರೆ ಅದು, ಇಲ್ದಿದ್ರೆ ಸೊಪ್ಪಿನ ಟೊಂಗೆ ಮುರಿದು ರೋಡಿಗೆ ಹಾಕೋದು ನಮ್ಮಲ್ಲಿ ಎಲ್ಲಾ ಡ್ರೈವರಿಗೂ ಅರ್ಥ ಆಗೋ ಭಾಷೆ. ಆದ್ರೆ ಟೊಂಗೆ ತಿರುವು ಆದ್ಮೇಲೆ ಹಾಕಿದ್ರೆ ಪ್ರಯೋಜನ ಇಲ್ಲ, ತಿರುವಿಗೆ ಮುಂಚೇನೇ ಐವತ್ತು ನೂರು ಹೆಜ್ಜೆ ದೂರದಲ್ಲಿ ಇರ್ಬೇಕು. ಇಳಿಜಾರಿನಲ್ಲಿ ಮೇಲಿಂದ ಬರೋ ಕಡೆಗೆ ಇನ್ನೂ ದೂರ ಹಾಕಿ, ಒದ್ದೆ ರೋಡಲ್ಲಿ ಲೋಡ್ ಲಾರಿ ಬ್ರೇಕ್ ಹಾಕಿದ ತಕ್ಷಣ ನಿಲ್ಲಲ್ಲ. ಮಂಜಿದ್ರೆ ಟಾರ್ಚ್ ಹಿಡಿದೋರು ರೋಡ್ ಮಧ್ಯ ನಿಲ್ಲೋದು ಬೇಡ, ಪಕ್ಕದಲ್ಲಿ ನಿಂತು ಲೈಟ್ ಮೇಲೆ ಕೆಳಗೆ ಆಡಿಸ್ಲಿ. ಧರ್ಮಸ್ಥಳದ ಬಸ್ ಏನಾದ್ರೂ ಬಂದು ನಿಂತ್ರೆ ಕಂಡಕ್ಟರ್ ಹತ್ರ ವಿಷಲ್ ಇರತ್ತೆ, ಅವರನ್ನೇ ಕೇಳ್ಕೊಳ್ಳಿ, ಮಂಜಲ್ಲಿ ಲೈಟಿಗಿಂತ ವಿಷಲ್ ಎಷ್ಟೋ ಸಲ ಕೆಲಸಕ್ಕೆ ಬರತ್ತೆ.

ಬಿದ್ದಿರೋ ಗಾಡಿ ಕೀ ಆಫ್ ಮಾಡಿ. ಬೀಡಿ ಸಿಗರೇಟು ಯಾರ ಕೈಲೂ ಇರ್ಬಾರ್ದು. ಕರೆಂಟ್ ಕಂಬಕ್ಕೆ ಗುದ್ದಿ ತಂತಿ ಬಿದ್ದಿದ್ರೆ ಹತ್ತು ಮೀಟರ್ ಒಳಗೆ ಹೋಗ್ಲೇಬೇಡಿ, ಒದ್ದೆ ನೆಲ ಬೇರೆ. 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸ್ಬೇಕು, ನಮ್ಮ ಚಿಕ್ಕಮಗಳೂರು ಕಡೆ ಮೆಸ್ಕಾಂ, ಹಾಸನ ಕಡೆ ಚೆಸ್ಕಾಂ, ನಂಬರ್ ಎರಡಕ್ಕೂ ಅದೇ. ಶಿರಾಡೀಲಿ ಮಂಗಳೂರಿಂದ ಬರೋ ಗ್ಯಾಸ್ ಟ್ಯಾಂಕರ್ ಮಗುಚಿದ್ರೆ ಅದು ನಮ್ಮ ಕೈಲಿ ಆಗೋ ಕೆಲಸ ಅಲ್ಲ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ನೀರಿನ ಥರ ತಗ್ಗಿಗೆ ಹರ್ಕೊಂಡು ಹೋಗಿ ಚರಂಡೀಲಿ ತುಂಬ್ಕೊಳತ್ತೆ, ಅದಕ್ಕೆ ಕೆಳಗೆ ಓಡ್ಬೇಡಿ, ಗಾಳಿ ಬರ್ತಿರೋ ದಿಕ್ಕಿಗೆ, ಎತ್ತರದ ಕಡೆಗೆ ಹೋಗಿ, ಗಾಡಿ ಸ್ಟಾರ್ಟ್ ಮಾಡ್ಬೇಡಿ, ಫೋನೂ ದೂರ ಹೋದ್ಮೇಲೇ ತೆಗೀರಿ.

ಫೋನ್ ವಿಷಯ. ಆಂಬುಲೆನ್ಸಿಗೆ 108, ಪೊಲೀಸ್, ಫೈರ್, ಎಲ್ಲದಕ್ಕೂ 112. ಘಾಟಿ ಮಧ್ಯ ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲ ಅಂತ ಫೋನ್ ಜೇಬಿಗೆ ಹಾಕ್ಬೇಡಿ, 112 ಡಯಲ್ ಮಾಡಿ ನೋಡಿ, ಬೇರೆ ಕಂಪನಿ ಟವರ್ ಸಿಕ್ಕಿದ್ರೂ ಆ ಕಾಲ್ ಹೋಗತ್ತೆ. ಯಾವ ಟವರೂ ಇಲ್ದಿದ್ರೆ ಒಬ್ಬರನ್ನ ಸಿಗ್ನಲ್ ಸಿಗೋ ಜಾಗಕ್ಕೆ ಕಳಿಸಿ, ಬಾಯಿಮಾತಲ್ಲಿ ಹೇಳಿ ಕಳಿಸಿದ್ರೆ ಗಾಬರೀಲಿ ಅರ್ಧ ಮರೀತಾರೆ, ಚೀಟೀಲೋ ಅವರ ಫೋನಲ್ಲೋ ಬರ್ಕೊಟ್ಟು ಕಳಿಸಿ: ಜಾಗ, ಎಷ್ಟು ಜನ, ಪ್ರಜ್ಞೆ ಇದೆಯಾ, ಯಾರಾದ್ರೂ ಗಾಡಿ ಒಳಗೆ ಸಿಕ್ಕಾಕ್ಕೊಂಡಿದಾರಾ. ಜಾಗ ಹೇಳುವಾಗ "ಚಾರ್ಮಾಡಿ ಘಾಟಿ" ಅಂದ್ರೆ ಸಾಲಲ್ಲ, ಕೊಟ್ಟಿಗೆಹಾರದಿಂದ ಹತ್ರಾನಾ ಚಾರ್ಮಾಡಿ ಊರಿಂದ ಹತ್ರಾನಾ ಹೇಳಿ, ಯಾಕಂದ್ರೆ ಮೇಲಿಂದ ಬರೋ ಆಂಬುಲೆನ್ಸೇ ಬೇರೆ, ಬೆಳ್ತಂಗಡಿ ಕಡೆಯಿಂದ ಬರೋದೇ ಬೇರೆ. ಕಿಲೋಮೀಟರ್ ಕಲ್ಲು ನೋಡಿ, ತಲೆ ಹಳದಿ ಇದ್ರೆ ನ್ಯಾಷನಲ್ ಹೈವೇ (ಶಿರಾಡಿ 75, ಚಾರ್ಮಾಡಿ 73), ಹಸಿರಿದ್ರೆ ಸ್ಟೇಟ್ ಹೈವೇ, ಅದರ ಮೇಲಿರೋ ಊರ ಹೆಸರು, ನಂಬರ್ ಓದಿ ಹೇಳಿ. ಒಳರೋಡಾದ್ರೆ ಎಸ್ಟೇಟ್ ಗೇಟಿನ ಹೆಸರು, ಬಸ್‌ಸ್ಟಾಪ್ ಹೆಸರು.

ಈಗ ಬಿದ್ದಿರೋರ ಹತ್ರ ಬನ್ನಿ. ಜಾಸ್ತಿ ಜನ ಇದ್ರೆ ಕಿರುಚ್ತಿರೋರ ಕಡೆ ಮೊದಲು ಓಡ್ಬೇಡಿ, ಕಿರುಚೋಕೆ ಉಸಿರು ಬೇಕು, ಅಂದ್ರೆ ಅವರಿಗೆ ಉಸಿರಿದೆ. ಸದ್ದಿಲ್ಲದೆ ಮಲಗಿರೋರನ್ನ ಮೊದಲು ನೋಡಿ. ಗಾಡೀಲಿ ಎಷ್ಟು ಜನ ಇದ್ರು ಅಂತ ಪ್ರಜ್ಞೆ ಇರೋರನ್ನ ಕೇಳಿ ಲೆಕ್ಕ ಹಾಕಿ, ಎಗರಿ ಪೊದೆಗೆ ಬಿದ್ದೋರು, ಕಾಫಿ ಗಿಡದ ಸಂದಿಗೆ ಬಿದ್ದೋರು ಕತ್ತಲಲ್ಲಿ ಕಾಣಲ್ಲ. ಆದ್ರೆ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ರಾತ್ರಿ ತೋಟದೊಳಗೆ ಹುಡುಕೋಕೆ ಒಬ್ಬರೇ ಇಳೀಬೇಡಿ, ಆನೆ ಇರೋ ಜಾಗ, ಮೂರ್ನಾಲ್ಕು ಜನ ಟಾರ್ಚ್ ಹಿಡ್ಕೊಂಡು ಒಟ್ಟಿಗೆ ಹೋಗಿ. ಕಾರು ಪ್ರಪಾತಕ್ಕೆ ಇಳಿದಿದ್ರೆ ಹಗ್ಗ ಇಲ್ದೆ ಯಾರೂ ಇಳೀಬೇಡಿ. ಪಾಚಿ ಕಟ್ಟಿರೋ ಬಂಡೆ ಮೇಲೆ ಒಂದು ಸಲ ಜಾರಿದ್ರೆ ಎತ್ತಬೇಕಾಗಿರೋರು ಇಬ್ಬರಾಗ್ತಾರೆ.

ಹತ್ರ ಹೋಗಿ ತಲೆ ಅಲ್ಲಾಡಿಸದ ಹಂಗೆ ಹೆಗಲು ಮುಟ್ಟಿ, "ಅಣ್ಣಾ ಕೇಳಿಸ್ತಿದೆಯಾ, ಅಕ್ಕಾ ಕಣ್ಣು ಬಿಡಿ" ಅಂತ ಜೋರಾಗಿ ಕರೀರಿ. ಉತ್ತರ ಬರ್ಲಿಲ್ಲ ಅಂದ್ರೆ ಹತ್ತು ಸೆಕೆಂಡ್ ಎದೆ ಏಳ್ತಿದೆಯಾ ನೋಡಿ. ಮಳೇಲಿ ರೈನ್‌ಕೋಟ್ ಮೇಲಿಂದ ಗೊತ್ತಾಗಲ್ಲ, ಜಿಪ್ ತೆಗೆದು ಕೈ ಇಟ್ಟು ನೋಡಿ, ಕೆನ್ನೆ ಅವರ ಮೂಗಿನ ಹತ್ರ ತಗೊಂಡೋಗಿ. ಗೊರಗೊರ ಸದ್ದು ಬರ್ತಿದ್ರೆ ನಾಲಿಗೆ ಹಿಂದಕ್ಕೆ ಬಿದ್ದಿದೆ ಅಥವಾ ರಕ್ತ ತುಂಬಿದೆ ಅಂತ ಅರ್ಥ. ತಲೆ ಹತ್ರ ಮಂಡಿಯೂರಿ, ಎರಡೂ ಕಿವಿ ಕೆಳಗೆ ದವಡೆ ಮೂಲೆ ಇರತ್ತಲ್ಲ, ಅಲ್ಲಿ ಬೆರಳಿಟ್ಟು ದವಡೆಯನ್ನ ಮುಂದಕ್ಕೆ ತಳ್ಳಿ, ಕುತ್ತಿಗೆ ಹಿಂದಕ್ಕೆ ಬಗ್ಗಿಸ್ಬೇಡಿ. ಬಾಯಲ್ಲಿ ರಕ್ತ, ವಾಂತಿ ಇದ್ರೆ ತಲೆ, ಕುತ್ತಿಗೆ, ಮೈ ಮೂರೂ ಒಂದೇ ಸಾಲಲ್ಲಿ ಇರೋ ಹಂಗೆ ಇಬ್ಬರು ಮೂವರು ಸೇರಿ ಪಕ್ಕಕ್ಕೆ ಹೊರಳಿಸಿ, ಹರಿದು ಹೋಗ್ಲಿ. ಬೆನ್ನುಮೂಳೆ ಮುಖ್ಯ ನಿಜ, ಆದ್ರೆ ಉಸಿರು ಅದಕ್ಕಿಂತ ಮುಂಚೆ.

ಉಸಿರೇ ಇಲ್ಲ ಅಂದ್ರೆ ಎದೆ ಒತ್ತಬೇಕು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ನೆಟ್ಟಗೆ ಇಟ್ಕೊಂಡು, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೆ ಕೈ ಸೋಲತ್ತೆ, ಇನ್ನೊಬ್ಬರಿಗೆ ಬಿಟ್ಕೊಡಿ. ಬಾಯಿಂದ ಉಸಿರು ಕೊಡೋಕೆ ಗೊತ್ತಿದ್ರೆ 30 ಒತ್ತಿಗೆ ಎರಡು, ಗೊತ್ತಿಲ್ದಿದ್ರೆ ಬರೀ ಒತ್ತಿದ್ರೂ ಸರಿ.

ಹೆಲ್ಮೆಟ್ ಬಗ್ಗೆ ಜಗಳಾನೇ ಆಗತ್ತೆ ಸ್ಪಾಟಲ್ಲಿ. ಉಸಿರಾಡ್ತಾ ಮಾತಾಡ್ತಾ ಇದ್ರೆ ಗ್ಲಾಸ್ ಮೇಲೆತ್ತಿ, ಹೆಲ್ಮೆಟ್ ತೆಗೀಬೇಡಿ. ಉಸಿರು ಸಿಕ್ತಿಲ್ಲ, ವಾಂತಿ ಆಗ್ತಿದೆ ಅಂದ್ರೆ ಮಾತ್ರ ತೆಗೀಬೇಕು, ಅದೂ ಇಬ್ಬರು ಸೇರಿ. ಸ್ಟ್ರಾಪ್ ಬಿಚ್ಚಿ ಅಥವಾ ಕತ್ತರಿಸಿ, ಒಬ್ಬರು ಕೆಳಗಿಂದ ಒಂದು ಕೈ ಗದ್ದಕ್ಕೆ, ಒಂದು ಕೈ ಕುತ್ತಿಗೆ ಹಿಂದೆ ಕೊಟ್ಟು ಅಲ್ಲಾಡದ ಹಂಗೆ ಹಿಡೀಲಿ, ಇನ್ನೊಬ್ಬರು ತಲೆ ಕಡೆಯಿಂದ ಹೆಲ್ಮೆಟ್ ಅಗಲಿಸಿ ನಿಧಾನಕ್ಕೆ ಎಳೀಲಿ.

ಆಮೇಲೆ ರಕ್ತ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ ಯಾಕಂದ್ರೆ ನಮ್ಮ ಕಡೆ ಆಂಬುಲೆನ್ಸ್ ಬರೋದು ಎಷ್ಟೇ ಬೇಗ ಅಂದ್ರೂ ರೋಡೇ ಹಂಗಿದೆ, ಅಷ್ಟರಲ್ಲಿ ರಕ್ತ ಹೋಗಿ ಜೀವ ಹೋಗ್ಬಾರ್ದು, ಮತ್ತೆ ಇದನ್ನ ಯಾರು ಬೇಕಾದ್ರೂ ತಡೀಬಹುದು. ಕೈಗೆ ಗ್ಲೌಸ್ ಇಲ್ದಿದ್ರೆ ಪ್ಲಾಸ್ಟಿಕ್ ಕವರ್ ಹಾಕ್ಕೊಳ್ಳಿ. ಟವೆಲ್, ಪಂಚೆ, ವೇಲು, ಏನು ಸಿಕ್ಕತ್ತೋ ಅದನ್ನ ಮಡಿಸಿ ಗಾಯದ ಮೇಲಿಟ್ಟು ನಿಮ್ಮ ಮೈಭಾರ ಹಾಕಿ ಒತ್ತಿ. ನಿಂತಿದೆಯಾ ಅಂತ ಎರಡೆರಡು ನಿಮಿಷಕ್ಕೆ ತೆಗೆದು ನೋಡ್ಬೇಡಿ, ಹೆಪ್ಪುಗಟ್ಟೋಕೆ ಶುರುವಾಗಿದ್ದು ಕಿತ್ತೋಗತ್ತೆ. ಕಮ್ಮಿ ಅಂದ್ರೂ ಹತ್ತು ನಿಮಿಷ, ಬಟ್ಟೆ ನೆನೆದ್ರೆ ಅದರ ಮೇಲೇ ಇನ್ನೊಂದು ಬಟ್ಟೆ. ಕಬ್ಬಿಣದ ಸರಳು, ಗಾಜು, ಬೇಲಿ ಕಡ್ಡಿ ಚುಚ್ಕೊಂಡಿದ್ರೆ ಕೀಳಲೇಬೇಡಿ, ಅದೇ ಬಿರಡೆ ಥರ ರಕ್ತ ತಡೆದಿರತ್ತೆ, ಸುತ್ತಲೂ ಬಟ್ಟೆ ಸುತ್ತಿ ಅಲ್ಲಾಡದ ಹಂಗೆ ಕಟ್ಟಿ.

ಕೈ ಅಥವಾ ಕಾಲು ಜಜ್ಜಿ ರಕ್ತ ಚಿಮ್ತಾ ಇದೆ, ಒತ್ತಿದ್ರೂ ನಿಲ್ತಿಲ್ಲ ಅಂದಾಗ ಮಾತ್ರ ಬಿಗಿ ಕಟ್ಟು ಕಟ್ಟಬೇಕು, ಟೂರ್ನಿಕೆಟ್ ಅಂತಾರೆ. ನಾಲ್ಕೈದು ಬೆರಳಗಲ ಮಡಿಸಿದ ಬಟ್ಟೆ, ಗಾಯಕ್ಕಿಂತ ಮೇಲೆ, ಅಂದ್ರೆ ಎದೆ ಕಡೆಗೆ, ಐದಾರು ಸೆಂಟಿಮೀಟರ್ ಬಿಟ್ಟು, ಮಂಡಿ ಮೊಣಕೈ ಗಂಟಿನ ಮೇಲೆ ಬೇಡ. ಒಂದು ಗಂಟು ಹಾಕಿ, ಅದರ ಮೇಲೆ ಸ್ಪ್ಯಾನರೋ ಗಟ್ಟಿ ಕೋಲೋ ಇಟ್ಟು ಇನ್ನೊಂದು ಗಂಟು ಹಾಕಿ ರಕ್ತ ನಿಲ್ಲೋವರ್ಗೂ ತಿರುಗಿಸಿ, ಕೋಲು ಬಿಚ್ಕೊಳ್ಳದ ಹಂಗೆ ಕಟ್ಟಿ. ತಂತಿ, ದಾರ, ಶೂ ಲೇಸಲ್ಲಿ ಕಟ್ಟಿದ್ರೆ ಮಾಂಸ ಕತ್ತರಿಸತ್ತೆ. ನೋವಿಗೆ ಕಿರುಚ್ತಾರೆ, ಕರುಣೆಗೆ ಸಡಿಲ ಮಾಡ್ಬೇಡಿ, ಆಸ್ಪತ್ರೇಲೇ ಬಿಚ್ಚಬೇಕು. ಕಟ್ಟಿದ ಟೈಮ್ ಬರೆದಿಡಿ. ಮಳೇಲಿ ಪೆನ್ನು ಮೈಮೇಲೆ ಹಿಡಿಯಲ್ಲ, ಫೋನಲ್ಲಿ ಕಟ್ಟಿದ ಜಾಗದ ಫೋಟೋ ತೆಗೀರಿ, ಟೈಮ್ ಅದರಲ್ಲೇ ಇರತ್ತೆ.

ಕೈ ಮುಗಿದು ಕೇಳ್ಕೋತೀನಿ, ಗಾಯಕ್ಕೆ ಕಾಫಿಪುಡಿ ತುಂಬಬೇಡಿ. ಅರಿಶಿನ, ಸುಣ್ಣ, ಹೊಗೆಸೊಪ್ಪು ಯಾವುದೂ ಬೇಡ. ಮನೇಲಿ ಕುಯ್ಲು ಕತ್ತಿ ತಾಗಿದಾಗ ಅಜ್ಜಿ ಹಾಕಿದ್ದು ನೆನಪಾಗತ್ತೆ, ಆದ್ರೆ ಆಳದ ಗಾಯಕ್ಕೆ ಹಾಕಿದ್ರೆ ಡಾಕ್ಟ್ರು ಅದನ್ನೆಲ್ಲಾ ತೊಳೆದು ಕೆರೆದು ತೆಗೀಬೇಕು, ಸೋಂಕೂ ಆಗತ್ತೆ. ಹುಲ್ಲಲ್ಲಿ ಬಿದ್ದಿದ್ದೋರ ಕಾಲಲ್ಲಿ ಸಣ್ಣಗೆ ರಕ್ತ ನಿಲ್ದೆ ಸೋರ್ತಿದ್ರೆ ಗಾಬರಿ ಬೇಡ, ಇಂಬಳ ಕಚ್ಚಿದ್ದಿರಬಹುದು, ಅದನ್ನ ಆಮೇಲೆ ನೋಡ್ಕೊಳ್ಳೋಣ.

ಬೆರಳು ತುಂಡಾಗಿದ್ರೆ ಅದನ್ನ ಹುಡುಕಿ ತನ್ನಿ. ಒದ್ದೆ ಮಾಡಿದ ಶುದ್ಧ ಬಟ್ಟೇಲಿ ಸುತ್ತಿ, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕಟ್ಟಿ, ಆ ಕವರನ್ನ ಐಸ್ ಮೇಲೆ ಇಡಿ, ಐಸ್ ನೇರವಾಗಿ ತಾಗ್ಬಾರ್ದು. ಘಾಟೀಲಿ ಐಸ್ ಎಲ್ಲಿಂದ ಅಂತೀರಾ, ಮಂಗಳೂರು ಕಡೆಯಿಂದ ಮೀನಿನ ಗಾಡಿ ಬರ್ತಾನೇ ಇರತ್ತಲ್ಲ, ಕೈ ಅಡ್ಡ ಹಾಕಿ ಕೇಳಿ.

ಮೂಳೆ ಮುರಿದಿದ್ರೆ ನೆಟ್ಟಗೆ ಮಾಡೋಕೆ ಹೋಗ್ಬೇಡಿ. ಹೆಂಗಿದೆಯೋ ಹಂಗೇ ಆಸರೆ ಕೊಟ್ಟು, ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲ್ಲಾಡದ ಹಂಗೆ ಕಟ್ಟಿ. ಮುಂಗೈಗೆ ಅಡಿಕೆ ಹಾಳೆಯಷ್ಟು ಒಳ್ಳೆ ಆಸರೆ ಇನ್ನೊಂದಿಲ್ಲ, ದೋಣಿ ಥರ ಬಾಗಿರತ್ತೆ, ಒಳಗೆ ಟವೆಲ್ ಹಾಸಿ ಕೈ ಇಟ್ಟು ಸುತ್ತಿದ್ರೆ ಗಟ್ಟಿ ಕೂರತ್ತೆ. ಕಾಲಿಗೆ ಛತ್ರಿ, ಕೋಲು, ಏನೂ ಇಲ್ದಿದ್ರೆ ಚೆನ್ನಾಗಿರೋ ಇನ್ನೊಂದು ಕಾಲಿಗೇ ಸೇರಿಸಿ ಕಟ್ಟಿ. ಕಟ್ಟಿದ್ಮೇಲೆ ಬೆರಳ ತುದಿ ನೋಡಿ, ನೀಲಿ ಆಗಿದ್ರೆ, ಜೋಮು ಅಂದ್ರೆ ಸಡಿಲ ಮಾಡಿ.

ಇನ್ನು ಚಳಿ. ಇದನ್ನ ನಮ್ಮವರು ಲೆಕ್ಕಕ್ಕೇ ತಗೊಳ್ಳಲ್ಲ, ಮಳೇಲಿ ಹುಟ್ಟಿ ಬೆಳೆದಿದೀವಿ ಅಂತ. ರಕ್ತ ಹೋದೋರಿಗೆ ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟೋದು ಕಮ್ಮಿ ಆಗತ್ತೆ, ಆಗ ಇನ್ನೂ ಜಾಸ್ತಿ ಹೋಗತ್ತೆ. ಮೇಲೆ ಹೊದಿಸೋದಷ್ಟೇ ಅಲ್ಲ, ಕೆಳಗಿನ ಒದ್ದೆ ನೆಲದಿಂದಲೇ ಜಾಸ್ತಿ ತಣ್ಣಗಾಗೋದು. ಅವರನ್ನ ಹೊರಳಿಸೋ ಸಂದರ್ಭ ಬಂದಾಗ್ಲೇ ಕಾರಿನ ಮ್ಯಾಟು, ಗೋಣಿಚೀಲ, ಟಾರ್ಪಾಲ್ ಮೈ ಕೆಳಗೆ ತೂರಿಸಿ. ಮೇಲೆ ಕಂಬಳಿ, ಜರ್ಕಿನ್. ನಾಲ್ಕು ಜನ ಟಾರ್ಪಾಲ್ ಮೂಲೆ ಹಿಡ್ಕೊಂಡು ನಿಂತ್ರೆ ಮಳೆಗೆ ಸೂರಾಯ್ತು, ಸುಮ್ನೆ ನಿಂತು ವಿಡಿಯೋ ಮಾಡೋರಿಗೆ ಈ ಕೆಲಸ ಕೊಡಿ. ಕೆಲಸ ಕೊಡುವಾಗ "ಯಾರಾದ್ರೂ ಹಿಡ್ಕೊಳ್ರಪ್ಪಾ" ಅಂದ್ರೆ ಯಾರೂ ಬರಲ್ಲ, "ಕೆಂಪು ಜರ್ಕಿನ್ ಅಣ್ಣಾ, ನೀವು ಈ ಮೂಲೆ ಹಿಡೀರಿ" ಅನ್ನಿ, ತಕ್ಷಣ ಬರ್ತಾರೆ.

ನೀರು ಕೊಡ್ಬೇಡಿ. ಸೋಡಾ, ಕಾಫಿ, ಬ್ರಾಂದಿ ಏನೂ ಬೇಡ. ಬಾಯಾರಿಕೆ ಅಂತ ಅಂಗಲಾಚ್ತಾರೆ, ರಕ್ತ ಹೋದೋರಿಗೆ ಆಗೋದೇ ಹಂಗೆ, ಕೊಟ್ರೆ ವಾಂತಿ ಆಗಿ ಶ್ವಾಸಕ್ಕೆ ಹೋಗತ್ತೆ, ಆಪರೇಷನಿಗೂ ತೊಂದ್ರೆ. ಒದ್ದೆ ಬಟ್ಟೇಲಿ ತುಟಿ ಒರೆಸಿ ಅಷ್ಟೇ. ಕೈ ಹಿಡ್ಕೊಂಡು ಮಾತಾಡಿಸ್ತಾ ಇರಿ, ಹೆಸರು, ಊರು, ಮನೆ ನಂಬರ್ ಕೇಳಿ.

ಎದ್ದು ಓಡಾಡಿ "ನಂಗೇನೂ ಆಗಿಲ್ಲ ಬಿಡಿ" ಅನ್ನೋರ ಮೇಲೂ ಕಣ್ಣಿರ್ಲಿ. ತಲೆಗೆ ಪೆಟ್ಟಾದೋರು ಸ್ವಲ್ಪ ಹೊತ್ತು ಚೆನ್ನಾಗೇ ಇದ್ದು ಆಮೇಲೆ ಕುಸಿಯೋದುಂಟು. ಮಂಪರು, ಪದೇ ಪದೇ ವಾಂತಿ, ಕೇಳಿದ್ದನ್ನೇ ಕೇಳೋದು, ಒಂದು ಕಣ್ಣಿನ ಪಾಪೆ ದೊಡ್ಡದಾಗೋದು, ಕಿವಿ ಮೂಗಿಂದ ನೀರಿನಂಥದ್ದು ಬರೋದು, ಇದರಲ್ಲಿ ಒಂದಿದ್ರೂ ಸ್ಕ್ಯಾನ್ ಇರೋ ಆಸ್ಪತ್ರೆಗೇ ಹೋಗ್ಬೇಕು. ಕಿವಿಗೆ ಹತ್ತಿ ತುರುಕಬೇಡಿ. ಅವರನ್ನ ಬೈಕ್ ಓಡಿಸ್ಕೊಂಡು ಮನೆಗೆ ಹೋಗೋಕೆ ಮಾತ್ರ ಬಿಡ್ಬೇಡಿ.

ಈಗ ಎತ್ತೋ ವಿಷಯ. ಬೆಂಕಿ, ನೀರು, ಗುಡ್ಡ ಜರಿಯೋ ಭಯ, ಗಾಡಿ ಮೇಲೆ ಬರೋ ಭಯ ಇದ್ರೆ ಯೋಚನೆ ಮಾಡ್ಬೇಡಿ, ಎಳೀರಿ. ಹಿಂದಿಂದ ಕಂಕುಳ ಕೆಳಗೆ ಕೈ ಹಾಕಿ, ಅವರ ತಲೆ ನಿಮ್ಮ ಎರಡು ಮುಂಗೈ ನಡುವೆ ಕೂರೋ ಹಂಗೆ ಹಿಡಿದು, ನೆಟ್ಟಗೆ ಹಿಂದಕ್ಕೆ ಎಳೀಬೇಕು, ಪಕ್ಕಕ್ಕೆ ತಿರುಚಬಾರ್ದು. ಅಂಥದ್ದೇನೂ ಇಲ್ಲ ಅಂದ್ರೆ ಆಂಬುಲೆನ್ಸಿಗೆ ಕಾಯೋದೇ ಒಳ್ಳೇದು. ಆದ್ರೆ ಪುಸ್ತಕದಲ್ಲಿ ಹೇಳೋ ಹಂಗೆ ಕಾಯ್ತಾ ಕೂರೋಕೆ ಎಲ್ಲಾ ಕಡೆ ಆಗಲ್ಲ ಅನ್ನೋದೂ ನನಗೆ ಗೊತ್ತು. ದೋಣಿಗಾಲ್ ಹತ್ರ ಗುಡ್ಡ ಕುಸಿದ್ರೆ, ಮರ ಅಡ್ಡ ಬಿದ್ರೆ, ಗಾಡಿ ಬರೋಕೆ ದಾರಿಯೇ ಇರಲ್ಲ. ನಾನು ಮಾಡೋದು ಹಿಂಗೆ: 108ರವರಿಗೆ ಆಂಬುಲೆನ್ಸ್ ಎಲ್ಲಿಂದ ಹೊರಟಿದೆ ಅಂತ ಕೇಳ್ತೀನಿ. ಒಳಗೆ ರಕ್ತ ಹೋಗ್ತಿರೋ ಲಕ್ಷಣ ಇದೆ, ಅಂದ್ರೆ ಮುಖ ಬಿಳಿಚಿ, ತಣ್ಣನೆ ಬೆವರು, ಉಸಿರು ಜೋರು, ಹೊಟ್ಟೆ ಗಟ್ಟಿ, ಅಥವಾ ಉಸಿರಾಟ ಕೆಡ್ತಿದೆ, ಆಂಬುಲೆನ್ಸ್ ತುಂಬಾ ದೂರ ಅಂದ್ರೆ ಅವರಿಗೆ ಹೇಳಿಯೇ ಹೊರಟು ದಾರೀಲಿ ಎದುರುಗೊಳ್ತೀನಿ.

ಹೊರಡೋದಾದ್ರೆ ಮಲಗಿಸಿಯೇ. ಪಕ್ಕದ ತೋಟದ ಲೈನ್‌ಮನೇಲಿ ಕೇಳಿ, ಮೆಣಸು ಕೊಯ್ಯೋ ಏಣಿ, ಹಲಗೆ, ಹಳೇ ಬಾಗಿಲು ಏನಾದ್ರೂ ಸಿಗತ್ತೆ, ಅದರ ಮೇಲೆ ಕಂಬಳಿ ಹಾಸಿ. ಒಬ್ಬರು ತಲೆ ಹತ್ರ ಕೂತು ಎರಡೂ ಕೈಯಲ್ಲಿ ತಲೆ ಹಿಡಿದು ಮೂಗು ಹೊಕ್ಕಳು ಒಂದೇ ಗೆರೇಲಿ ಇಟ್ಕೊಳ್ಳಿ, ಅವರೇ ಯಜಮಾನರು, ಅವರು "ಒಂದು, ಎರಡು, ಮೂರು" ಅಂದಾಗ ಮಾತ್ರ ಮೂವರು ಒಟ್ಟಿಗೆ ಮೈ ಹೊರಳಿಸ್ಬೇಕು, ನಾಲ್ಕನೆಯೋರು ಹಲಗೆ ತೂರಿಸ್ಬೇಕು. ತಲೆ ಎರಡೂ ಕಡೆ ಸುತ್ತಿದ ಟವೆಲ್ ಇಟ್ಟು, ಎದೆ ಸೊಂಟ ಹಲಗೆಗೆ ಕಟ್ಟಿ. ಅವತ್ತು ನಾವು ಇಷ್ಟು ಮಾಡಿದ್ರೆ ಐದೇ ನಿಮಿಷ ಜಾಸ್ತಿ ಆಗ್ತಿತ್ತು. ಗಾಡಿ ಜೋರಾಗಿ ಓಡಿಸ್ಬೇಡಿ, ಪ್ರತಿ ಗುಂಡೀಲೂ ಮುರಿದ ಮೂಳೆ ಕುಯ್ಯತ್ತೆ. ಯಾವ ಆಸ್ಪತ್ರೆ ಅಂತ 108ರವರನ್ನೇ ಕೇಳಿ. ಸಕಲೇಶಪುರದಲ್ಲಿ ಕ್ರಾಫರ್ಡ್ ಆಸ್ಪತ್ರೆ ಇದೆ, ದೊಡ್ಡ ಪೆಟ್ಟಾದ್ರೆ ಹಾಸನದ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ) ಅಥವಾ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ, ಘಾಟಿ ತಗ್ಗಲ್ಲಿದ್ರೆ ಕೆಳಗಿಳಿಯೋದೇ ಹತ್ರ ಆಗಬಹುದು. ಕಿಲೋಮೀಟರ್ ಲೆಕ್ಕಕ್ಕಿಂತ ಯಾವ ಕಡೆ ರೋಡ್ ಓಪನ್ ಇದೆ ಅನ್ನೋದು ನೋಡಿ.

ಕೇಸು, ಕೋರ್ಟು ಅಂತ ಹಿಂದೆ ಸರಿಯೋರು ಇನ್ನೂ ಇದಾರೆ. 2016ರಲ್ಲಿ ನೆಲಮಂಗಲ ಹತ್ರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ನಂಜಪ್ಪ ಅನ್ನೋ ಹುಡುಗ ಆ ಸ್ಥಿತೀಲೂ ನನ್ನ ಕಣ್ಣು ದಾನ ಮಾಡಿ ಅಂದಿದ್ದು ನಿಮಗೆ ನೆನಪಿರಬೇಕು, ಅವರ ಹೆಸರಲ್ಲೇ ರಾಜ್ಯ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂತು, ಮೊದಲ 48 ಗಂಟೆ 25,000 ರೂಪಾಯಿವರೆಗೆ ಚಿಕಿತ್ಸೆ ಅಂತ ಅದರಲ್ಲಿತ್ತು. ಅದೇ ವರ್ಷ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಸಹಾಯ ಮಾಡೋರಿಗೆ ರಕ್ಷಣೆ ಕೊಡೋ ಆದೇಶ ಎತ್ತಿಹಿಡಿತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಸೆಕ್ಷನ್ನೇ ಸೇರಿಸಿದ್ರು. ಒಳ್ಳೆ ಮನಸ್ಸಿಂದ ಸಹಾಯ ಮಾಡಿದೋರ ಮೇಲೆ ಕೇಸ್ ಹಾಕೋ ಹಂಗಿಲ್ಲ, ಹೆಸರು ವಿಳಾಸ ಹೇಳ್ಲೇಬೇಕು ಅಂತ ಬಲವಂತ ಇಲ್ಲ, ಆಸ್ಪತ್ರೆಯವರು ನಿಮ್ಮನ್ನ ಕೂರಿಸ್ಕೊಳ್ಳೋ ಹಂಗಿಲ್ಲ, ದುಡ್ಡು ಕಟ್ಟಿ ಅನ್ನೋ ಹಂಗಿಲ್ಲ. 2025ರ ಮೇಯಿಂದ ಕೇಂದ್ರದ ಕ್ಯಾಶ್‌ಲೆಸ್ ಯೋಜನೆಯೂ ಇದೆ, ಏಳು ದಿನ, ಒಂದೂವರೆ ಲಕ್ಷದವರೆಗೆ, ಗಾಯಾಳು ಮನೆಯವರಿಗೆ ಇದನ್ನ ತಿಳಿಸಿ.

ಆಂಬುಲೆನ್ಸ್ ಬಂದಾಗ ಅವರಿಗೆ ಹೇಳ್ಬೇಕಾಗಿದ್ದು: ಎಷ್ಟು ಹೊತ್ತಿಗೆ ಆಯ್ತು, ನಡುವೆ ಪ್ರಜ್ಞೆ ತಪ್ಪಿತ್ತಾ, ಬಿಗಿ ಕಟ್ಟು ಕಟ್ಟಿದ ಟೈಮ್, ಹೆಲ್ಮೆಟ್ ಇತ್ತಾ. ಹೆಲ್ಮೆಟ್ ಕೂಡ ಜೊತೇಲಿ ಕಳಿಸಿ, ಎಲ್ಲಿ ಪೆಟ್ಟು ಬಿದ್ದಿದೆ ಅಂತ ಡಾಕ್ಟರಿಗೆ ಗೊತ್ತಾಗತ್ತೆ. ಗಾಯಾಳು ಫೋನ್ ರಿಂಗ್ ಆಗ್ತಾನೇ ಇರತ್ತೆ, ಎತ್ತಿ. ಅಮ್ಮನೋ ಹೆಂಡ್ತಿಯೋ ಇರ್ತಾರೆ, "ಅಮ್ಮಾ, ಆಕ್ಸಿಡೆಂಟ್ ಆಗಿದೆ, ಇಂಥಾ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದಾರೆ, ಯಾರನ್ನಾದ್ರೂ ಜೊತೆ ಕರ್ಕೊಂಡು ನಿಧಾನ ಬನ್ನಿ" ಅಷ್ಟೇ ಹೇಳಿ, ಏನಾಗಿದೆ ಏನಾಗತ್ತೆ ಅಂತ ನೀವು ಊಹೆ ಮಾಡಿ ಹೇಳ್ಬೇಡಿ. ಪರ್ಸು, ಫೋನು, ಸರ ಏನಿದೆಯೋ ಇಬ್ಬರ ಎದುರಿಗೆ ಎಣಿಸಿ ಆಂಬುಲೆನ್ಸ್‌ನವರಿಗೋ ಪೊಲೀಸರಿಗೋ ಕೊಡಿ. ಕೈ ಸೋಪಲ್ಲಿ ಚೆನ್ನಾಗಿ ತೊಳ್ಕೊಳ್ಳಿ. ಮತ್ತೆ ಹೊರಡೋಕ್ಕಿಂತ ಮುಂಚೆ ರೋಡಿಗೆ ಹಾಕಿದ ಟೊಂಗೆ, ಚಕ್ರಕ್ಕೆ ಕೊಟ್ಟ ಕಲ್ಲು ಎಲ್ಲಾ ಎತ್ತಿ ಚರಂಡಿ ಆಚೆ ಹಾಕಿ, ಎಷ್ಟೋ ಸಲ ಅವು ಅಲ್ಲೇ ಉಳ್ಕೊಂಡಿರತ್ತೆ, ರಾತ್ರಿ ಮಂಜಲ್ಲಿ ಬರೋ ಬೈಕ್‌ನೋರಿಗೆ ಕಾಣಲ್ಲ.